ಎಡಗಡೆಯ ಕಿಟಕಿ

ಜೂನ್ 4

ಅಪ್ಪಾ,

ಫೋನಿನಲ್ಲಿ ಹೇಳಿದರೆ ನಿನಗೆ ಕೇಳಿಸುವುದಿಲ್ಲ, ಕೇಳಿಸಿದವನ ಹಾಗೆ "ಹೂಂ, ಹೂಂ" ಅನ್ನುತ್ತೀಯ. ಅದಕ್ಕೇ ಕಾಗದ. ಕೂತುಕೊಂಡು ಓದು. ನಿನ್ನ ಮುಂಗೋಪಿ ನನ್ನ ಮೇಜಿನ ಮೇಲಿದ್ದಾಳೆ!

ತಮಾಷೆಯಲ್ಲ. ಹಳೆ ಕ್ಯಾಮೆರಾ, ಹಳೆ ಆಟಿಕೆ ಮಾರುವ ಅಂಗಡಿಯ ಗಾಜಿನ ಹಿಂದೆ ಒಂದು ಡಬ್ಬಿ ಕಂಡಿತು. ಮುಚ್ಚಳದ ಮೇಲೆ ನೀನು ಇಪ್ಪತ್ತು ವರ್ಷ ಓಡಿಸಿದ, ಮುಂಗೋಪಿ ಅಂತ ಕರೆಯುತ್ತಿದ್ದ ಅದೇ ಜಾತಿಯ ಉಗಿ ಎಂಜಿನ್ನು. ನೋಡಿದವಳು ರಸ್ತೆಯಲ್ಲೇ ಕಂಬದ ಹಾಗೆ ನಿಂತುಬಿಟ್ಟೆ. ಹಿಂದಿನಿಂದ ಸೈಕಲ್ಲಿನವನು ಬಂದು ಗುದ್ದಿ, ನನ್ನನ್ನೇ ಬೈದು ಹೋದ. ಡಬ್ಬಿಯೊಳಗೆ ಎಂಜಿನ್ನಿಲ್ಲ, ಎಂಜಿನ್ನಿನ ಬಿಡಿಭಾಗಗಳಿವೆ: ಹಿತ್ತಾಳೆ ತಗಡು, ಎರಕದ ಹೊಗೆಕೊಳವೆ, ಚಕ್ರಗಳು, ಹೆಬ್ಬೆರಳ ತುದಿಯಷ್ಟು ಮೋಟಾರು. ನಾವೇ ಬೆಸೆದು, ತಿರುಪು ಬಿಗಿದು, ಬಣ್ಣ ಬಳಿದು ಓಡಿಸಬೇಕು. ದಿನವಿಡೀ ಕಂಡವರ ಬಾಯಿಗೆ ಹಲ್ಲಿನ ಸೆಟ್ಟು ಮಾಡಿಕೊಡುವವಳಿಗೆ ಇದೇನು ಮಹಾ ಅಂದುಕೊಂಡೆ. ಸಣ್ಣ ಡ್ರಿಲ್ಲು, ಬೆಸುಗೆ ಕಡ್ಡಿ, ಭೂತಗನ್ನಡಿ ಎಲ್ಲ ನಮ್ಮ ಲ್ಯಾಬಿನಲ್ಲಿವೆ.

ಮಹಾ ಹೌದು ಅಂತ ಭಾನುವಾರ ಗೊತ್ತಾಯಿತು. ಅಡಿಗಟ್ಟು ಕೂರಿಸಿ, ಚಕ್ರ ಹಾಕಿ, ಕರೆಂಟು ಕೊಟ್ಟೆ. ಮೊದಲು ಕುಂಟಿತು, ಆಮೇಲೆ ಹಿಂದಕ್ಕೆ ಓಡಿ ಮೇಜಿನಿಂದ ಬೀಳುವುದರಲ್ಲಿತ್ತು. ಹೊಟ್ಟೆ ಅಡ್ಡಕೊಟ್ಟು ತಡೆದೆ.

ಚಾಲಕರ ಕೋಣೆಯ ಒಳಗೆ ಏನೇನಿತ್ತು ಅಂತ ನೀನೇ ಹೇಳಬೇಕು. ಕೈಪಿಡಿಯಲ್ಲಿ ಅರ್ಧ ಪುಟವೂ ಇಲ್ಲ. ಎರಡು ಗೊಂಬೆಗಳೂ ಇವೆ, ಡ್ರೈವರ್ ಒಬ್ಬ, ಫೈರ್‌ಮನ್ ಒಬ್ಬ. ಒಬ್ಬ ನೀನು. ಇನ್ನೊಬ್ಬರು ಸೀಟಿ ಮಾವ ಅಲ್ಲವೇ? ಮುಖ ಮರೆತಿದೆ, ಎರಡು ಬೆರಳು ಬಾಯಿಗಿಟ್ಟು ನನಗೋಸ್ಕರ ಹಾಕುತ್ತಿದ್ದ ಸೀಟಿ ಮಾತ್ರ ನೆನಪಿದೆ. ಅಪಘಾತದ ಮೇಲೆ ಅಮ್ಮ ಅವರ ಹೆಸರೆತ್ತಲು ಬಿಡಲಿಲ್ಲ. ಕೆಂಪು ಸಿಗ್ನಲ್ ಬಿದ್ದದ್ದನ್ನು ಕೂಗಿ ಹೇಳದೆ ಒಬ್ಬ ಗಾರ್ಡಿನ ಪ್ರಾಣ ತೆಗೆದವರು ಅಂತ ಕೇಳಿಯೇ ಬೆಳೆದೆ. ಆದರೂ ಗೊಂಬೆ ಇದೆಯಲ್ಲ, ಏನು ಮಾಡಲಿ?

ನಿನ್ನ
ಚೂಟಿ


ಜೂನ್ 15

ಚೂಟಿ,

ಹಿಂದಕ್ಕೆ ಓಡಿತು ಅಂದರೆ ಮೋಟಾರಿನ ಎರಡು ತಂತಿ ಅದಲುಬದಲಾಗಿವೆ, ಅಷ್ಟೇ. ಕುಂಟಿತು ಅಂದರೆ ತಪ್ಪು ನಿನ್ನದು. ಒಂದು ಪಕ್ಕದ ಚಕ್ರದ ಸರಳು ಮೇಲಿದ್ದಾಗ ಇನ್ನೊಂದು ಪಕ್ಕದ್ದು ಮುಂದಿರಬೇಕು, ಕಾಲು ಸುತ್ತು ವ್ಯತ್ಯಾಸ. ಇಲ್ಲದಿದ್ದರೆ ಯಾವ ಎಂಜಿನ್ನೂ ಓಡುವುದಿಲ್ಲ, ದೊಡ್ಡದಾಗಲಿ ಸಣ್ಣದಾಗಲಿ. ಹಲ್ಲು ಮಾಡುವವಳಿಗೆ ಮೇಲಿನ ದವಡೆಯೂ ಕೆಳಗಿನ ದವಡೆಯೂ ಕೂಡಬೇಕು ಅಂತ ನಾನು ಹೇಳಿಕೊಡಬೇಕೇ?

ಕೋಣೆಯ ವಿವರ ಬರೆದುಕೋ. ಬಲಗಡೆ ಡ್ರೈವರಿನ ಜಾಗ. ಉಗಿ ಬಿಡುವ ಹಿಡಿ ಕೆಂಪಲ್ಲ, ಕೈ ಸವೆದು ಬೆಳ್ಳಗಾದ ಉಕ್ಕು. ಬೆಂಕಿಬಾಗಿಲ ಮೇಲಿನ ಹಲಗೆಯಲ್ಲಿ ಎಣ್ಣೆ ಡಬ್ಬಿ, ಪಕ್ಕದಲ್ಲಿ ನಮ್ಮ ಚಹಾದ ಡಬ್ಬಿ. ಬಲಗಡೆಯ ಹತ್ತುಮೆಟ್ಟಿಲು ಒಳಕ್ಕೆ ಬಾಗಿತ್ತು, ಅದನ್ನೂ ಬಾಗಿಸು. ಎಡಗಡೆ ಫೈರ್‌ಮನ್. ಅವನ ಕೆಲಸ ಕಲ್ಲಿದ್ದಲು ಎತ್ತುವುದೊಂದೇ ಅಂದುಕೊಳ್ಳಬೇಡ. ನಮ್ಮ ಮುಂದೆ ಉದ್ದಕ್ಕೂ ಬಾಯ್ಲರ್ ಮಲಗಿರುತ್ತದೆ. ಹಳಿ ಎಡಕ್ಕೆ ತಿರುಗಿದರೆ ಬಲಗಡೆ ಕೂತವನಿಗೆ ಮುಂದಿನದು ಏನೂ ಕಾಣುವುದಿಲ್ಲ, ಗೋಡೆಗೆ ಮುಖ ಮಾಡಿ ಕೂತ ಹಾಗೆ. ಆಗ ಎಡಗಡೆಯವನು ತಲೆ ಹೊರಗೆ ಹಾಕಿ ಕಂಬ ನೋಡಿ ಕೂಗಬೇಕು. ಅವನು "ಕೆಂಪು" ಅಂದರೆ ನಾನೂ "ಕೆಂಪು" ಅಂದು ಬ್ರೇಕಿಗೆ ಕೈ ಹಾಕಬೇಕು. ಅದೇ ನಿಯಮ.

ಫೈರ್‌ಮನ್ ಗೊಂಬೆ ಬೇಡ. ಡಬ್ಬಿಯಲ್ಲೇ ಇರಲಿ.

ನಿನ್ನ ಅಪ್ಪ


ಜುಲೈ 9

ಅಪ್ಪಾ,

ಓಡಿದಳು! ಮುಂದಕ್ಕೇ ಓಡಿದಳು, ಕುಂಟದೆ. ಊಟದ ಮೇಜಿನ ಸುತ್ತ ಹಳಿ ಹಾಕಿ ಮೂರು ಸುತ್ತು ಓಡಿಸಿದೆ. ಮೋಟಾರು ಜೀರುಂಡೆಯ ಹಾಗೆ ಗುಂಯ್‌ಗುಡುತ್ತದೆ, ಆದರೆ ಸರಳುಗಳು ಮೇಲೆ ಕೆಳಗೆ ಆಡುವುದನ್ನು ನೋಡುತ್ತ ಕೂತುಬಿಟ್ಟೆ. ಚಿಕ್ಕವಳಿದ್ದಾಗ ನೀನು ಮನೆಯಲ್ಲಿದ್ದದ್ದಕ್ಕಿಂತ ಈ ಎಂಜಿನ್ನಿನ ಮೇಲೆ ಇದ್ದದ್ದೇ ಹೆಚ್ಚು. ಆಗ ಅವಳನ್ನು ಕಂಡರೆ ಆಗುತ್ತಿರಲಿಲ್ಲ ನನಗೆ.

ಬಾಯ್ಲರ್ ಬೆಸೆದಾಯಿತು. ಕೈಸರಳುಗಳನ್ನು ಹಲ್ಲಿಗೆ ಕಟ್ಟುವ ತಂತಿಯಿಂದ ಮಾಡಿದೆ, ಡಬ್ಬಿಯಲ್ಲಿ ಕೊಟ್ಟದ್ದು ದಪ್ಪವಾಗಿತ್ತು. ನಿಜವಾದ ಕಲ್ಲಿದ್ದಲನ್ನೇ ಕುಟ್ಟಿ ಜರಡಿ ಹಿಡಿದು ಹಿಂದಿನ ಗಾಡಿಗೆ ತುಂಬಿದೆ. ಮೆಟ್ಟಿಲು ಬಾಗಿಸುವಾಗ ಮುರಿಯಿತು, ಮತ್ತೆ ಬೆಸೆದೆ. ನಿನ್ನ ಗೊಂಬೆಗೆ ಮೀಸೆ ಬರೆದಿದ್ದೇನೆ.

ಈಗ ಅವಳು ನಿಲ್ಲುವುದಕ್ಕೊಂದು ಜಾಗ ಬೇಕು. ಹಲಗೆಯ ಮೇಲೆ ಇಟ್ಟಿಗೆಗೂಡಿನ ತಿರುವನ್ನು ಮಾಡಲೇ? ಅಪಘಾತವಾದ ಜಾಗ ಅಂತ ಗೊತ್ತು. ಆದರೆ ನೀನು ಹೇಳುತ್ತಿದ್ದ ಕಥೆಗಳೆಲ್ಲ ಆ ತಿರುವಿನವೇ. ಬೇಡವಾದರೆ ಬೇಡ ಅನ್ನು, ಮುನಿಸಿಕೊಳ್ಳುವುದಿಲ್ಲ. ಸರಿ ಅಂದರೆ ನಕ್ಷೆ ಬರೆದು ಕಳಿಸು.

ಚೂಟಿ


ಜುಲೈ 20

ಚೂಟಿ,

ಆ ತಿರುವನ್ನೇ ಮಾಡು. ಅದರಷ್ಟು ಚಂದದ ಜಾಗ ಇಡೀ ದಾರಿಯಲ್ಲಿ ಇನ್ನೊಂದಿರಲಿಲ್ಲ. ನಕ್ಷೆ ಜೊತೆಗಿದೆ. ಪೆನ್ಸಿಲ್ ಹಿಡಿದರೆ ಕೈ ನಡುಗುತ್ತದೆ, ಆದರೆ ಅಳತೆ ಒಂದೂ ತಪ್ಪಿಲ್ಲ, ಹಳೆ ಪುಸ್ತಕ ತೆಗೆದು ನೋಡಿಯೇ ಬರೆದಿದ್ದೇನೆ.

ಹಳಿ ಎಡಕ್ಕೆ ತಿರುಗುತ್ತದೆ. ಒಳಬದಿಗೆ ಗೂಡು, ಗೂಡಿನಾಚೆ ಸಿಗ್ನಲ್ ಕಂಬ, ಎಡಗಡೆಗೆ. ಕಂಬಕ್ಕೆ ತುಕ್ಕು ಬಳಿಯಬೇಡ, ಹೊಸ ಬಿಳಿ ಬಣ್ಣವೇ ಇರಲಿ. ಅಪಘಾತದ ದಿನ ಬೆಳಿಗ್ಗೆಯೇ ಬಣ್ಣ ಬಳಿಯಲು ಶುರುಮಾಡಿದ್ದರು. ತಿರುವಿಗೆ ಬಂದವನೇ ದೂರದಿಂದ ಕಂಡೆ. ಏಣಿಯ ಮೇಲೆ ಬಣ್ಣದವನು, ತಲೆಗೆ ಹಳದಿ ಬಟ್ಟೆ ಸುತ್ತಿಕೊಂಡಿದ್ದ. ನಮ್ಮನ್ನು ನೋಡಿ ಬ್ರಷ್ಷೆತ್ತಿ ಬೀಸಿದ, ಬಣ್ಣವೆಲ್ಲ ಅವನ ಮುಖದ ಮೇಲೇ ಹಾರಿತು. ನಾನೂ ಕೈ ಬೀಸಿದೆ. ಮೂವತ್ತೆರಡು ವರ್ಷವಾಯಿತು, ಆ ದಿನದ್ದು ಬೇರೆಲ್ಲ ಮಸುಕಾಗಿದೆ, ಅವನು ಮಾತ್ರ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದ್ದಾನೆ. ಆಗುವುದಾದರೆ ಅವನಿಗೂ ಒಂದು ಗೊಂಬೆ ಮಾಡು.

ನಿನ್ನ ಅಪ್ಪ


ಆಗಸ್ಟ್ 11

ಅಪ್ಪನಿಗೆ,

ಬಣ್ಣದವನನ್ನು ಮೇಣದಲ್ಲಿ ಮಾಡಿದೆ. ಹಳದಿ ಬಟ್ಟೆ ಸುತ್ತಿ ಏಣಿಗೆ ಹತ್ತಿಸಿದೆ. ಗೂಡು, ಕಂಬ, ಹಳಿ ಎಲ್ಲ ನಿಮ್ಮ ನಕ್ಷೆಯ ಪ್ರಕಾರವೇ ಕೂರಿಸಿದೆ. ಎಂಜಿನ್ನನ್ನು ತಿರುವಿನಲ್ಲಿ ನಿಲ್ಲಿಸಿ, ಅವತ್ತು ನಿಮಗೆ ಹೇಗೆ ಕಂಡಿರಬೇಕು ನೋಡೋಣ ಅನ್ನುವ ಆಸೆಯಾಯಿತು. ಬಾಯೊಳಗೆ ಹಿಂದಿನ ಹಲ್ಲು ನೋಡುವ ಪುಟ್ಟ ಕನ್ನಡಿ ಇದೆಯಲ್ಲ, ಅದನ್ನು ಡ್ರೈವರಿನ ಕಿಟಕಿಯ ಹತ್ತಿರ ಹಿಡಿದು ಮುಂದಕ್ಕೆ ನೋಡಿದೆ.

ಬರೀ ಬಾಯ್ಲರ್ ಕಂಡಿತು.

ಎಂಜಿನ್ನನ್ನು ಹಿಂದೆ ಸರಿಸಿದೆ, ಮುಂದೆ ಸರಿಸಿದೆ. ಬಾಯ್ಲರ್. ನನ್ನ ತಿರುವೇ ಸರಿಯಿಲ್ಲ ಅಂದುಕೊಂಡು ಹಳಿ ಕಿತ್ತು, ಅಳತೆಪಟ್ಟಿ ಹಿಡಿದು ಇನ್ನೊಮ್ಮೆ ಹಾಕಿದೆ. ಮತ್ತೆ ಅದೇ. ಕಂಬವಿಲ್ಲ, ಏಣಿಯಿಲ್ಲ, ಹಳದಿ ಬಟ್ಟೆಯಿಲ್ಲ. ಕೊನೆಗೆ ಕನ್ನಡಿಯನ್ನು ಎಡಗಡೆಯ ಕಿಟಕಿಗೆ ಹಿಡಿದೆ. ಅವನು ಕಂಡ. ಬ್ರಷ್ಷೆತ್ತಿಕೊಂಡು ನನ್ನನ್ನೇ ನೋಡುತ್ತಿದ್ದ. ಕನ್ನಡಿ ಕೈಯಿಂದ ಜಾರಿ ಒಡೆಯಿತು.

ಬಲಗಡೆ ಕೂತವನಿಗೆ ಕಾಣುವುದಿಲ್ಲ ಅಂತ ಬರೆದವರು ನೀವೇ. ದೂರದಿಂದ ಕಂಡೆ ಅಂತ ಬರೆದವರೂ ನೀವೇ. ಆ ದಿನ ನೀವು ಎಡಗಡೆ ಇದ್ದಿರಿ. ಹಾಗಾದರೆ ಎಂಜಿನ್ ಓಡಿಸುತ್ತಿದ್ದವರು ಯಾರು? ಕೂಗಬೇಕಾಗಿದ್ದವರು ಯಾರು?

ನಾನು ಮಾಡಿದ ಅಳತೆ ತಪ್ಪು ಅಂತ ಬರೆಯಿರಿ. ದಯವಿಟ್ಟು ಹಾಗಂತಲೇ ಬರೆಯಿರಿ.

ಮಗಳು


ಆಗಸ್ಟ್ 19

ಚೂಟಿ,

"ನೀವು" ಅಂತ ಬರೆದಿದ್ದೀಯ. ಅದರ ಬದಲು ನಾಲ್ಕು ಬೈದಿದ್ದರೆ ಚೆನ್ನಾಗಿತ್ತು.

ನಿನ್ನ ಅಳತೆ ಸರಿ. ಬಲಗಡೆ ಕೂತಿದ್ದವನು ಅವನೇ, ನಿನ್ನ ಸೀಟಿ ಮಾವ. ಇನ್ನು ಮೂರು ತಿಂಗಳಿಗೆ ಅವನ ಡ್ರೈವರ್ ಪರೀಕ್ಷೆಯಿತ್ತು. ನಾವೆಲ್ಲ ಕಲಿತದ್ದು ಹಾಗೆಯೇ. ಮೇಲಿನವರ ಕಣ್ಣು ತಪ್ಪಿಸಿ ಡ್ರೈವರು ಜಾಗ ಬಿಟ್ಟುಕೊಡುತ್ತಾನೆ, ಸಲಿಕೆ ತಾನು ಹಿಡಿಯುತ್ತಾನೆ. ನನಗೂ ನನ್ನ ಡ್ರೈವರು ಹಾಗೇ ಕಲಿಸಿದ್ದ. ಆ ಪದ್ಧತಿ ಇಲ್ಲದಿದ್ದರೆ ಒಬ್ಬನೂ ಡ್ರೈವರಾಗುತ್ತಿರಲಿಲ್ಲ.

ನಾನು ಕೆಂಪು ನೋಡಿದೆ. ಎರಡು ಸಲ ಕೂಗಿದೆ. ಅವನಿಗೆ ಕೇಳಿಸಲಿಲ್ಲ. ನಿಂತಿದ್ದ ಗೂಡ್ಸ್ ಗಾಡಿಯ ಕೊನೆ ಡಬ್ಬಿಗೆ ಹೋಗಿ ಹೊಡೆದೆವು, ಅದರಲ್ಲಿ ಗಾರ್ಡ್ ಇದ್ದ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಅನುಮತಿಯಿಲ್ಲದೆ ಓಡಿಸಿದ್ದಕ್ಕೆ ಅವನಿಗೆ ಜೈಲಾಗುತ್ತಿತ್ತು, ಓಡಿಸಲು ಕೊಟ್ಟದ್ದಕ್ಕೆ ನನ್ನ ಕೆಲಸ ಹೋಗುತ್ತಿತ್ತು. ಅವನು ತನ್ನ ಜಾಗದಲ್ಲೇ ಇದ್ದ, ಕೂಗಲಿಲ್ಲ ಅಂತ ಬರೆಸಿದೆವು. ಅವನೇ ಒಪ್ಪಿಕೊಂಡ. ಕೆಲಸ ಹೋಯಿತು, ಜೈಲು ತಪ್ಪಿತು. ನಾನು ಅವನಿಗೆ ಕೆಡುಕು ಮಾಡಲಿಲ್ಲ.

ಇದನ್ನು ಇಲ್ಲಿಗೇ ಬಿಡು.

ಅಪ್ಪ


ಸೆಪ್ಟೆಂಬರ್ 2

ಪ್ರೀತಿಯ ಮಗಳಿಗೆ,

ನಿನ್ನ ಕಾಗದ ಬಂತು. ನಿನ್ನ ಅಮ್ಮನ ವಿಳಾಸದ ಪುಸ್ತಕದಲ್ಲಿ ಈ ಸೀಟಿ ಮಾವನ ಹೆಸರು ಇನ್ನೂ ಇತ್ತೇ? ಗೊಂಬೆಗೆ ಮುಖ ಬರೆಯಲು ಫೋಟೋ ಬೇಕು ಅಂದೆಯಲ್ಲ, ಕಳಿಸಿದ್ದೇನೆ. ಆಗ ತಲೆತುಂಬ ಕೂದಲಿತ್ತು, ಮರೆಯದೆ ಬರೆ.

ನೀನು ಕೇಳಿದ್ದಕ್ಕೆ ಉತ್ತರ: ಹೌದು, ಬಲಗಡೆ ನಾನೇ ಇದ್ದೆ. ನಿನ್ನ ಅಪ್ಪ, ನಮ್ಮ ಯಜಮಾನರೇ ನಿನಗೆ ಹೇಳಿದ್ದಾರೆ ಅಂದಮೇಲೆ ಮುಚ್ಚಿಡುವುದೇನು? ಆದರೆ ಅವರ ಮೇಲೆ ಬೇಸರ ಮಾಡಿಕೊಳ್ಳಬೇಡ. ಅವರು ಕೂಗಿದರು. ಗುದ್ದಿದ ಮೇಲೆ ಉಗಿಯೊಳಗೆ ನನ್ನ ಭುಜ ಹಿಡಿದು, "ಎರಡು ಸಲ ಕೂಗಿದ್ನಲ್ಲೋ, ಕೇಳಿಸ್ಲಿಲ್ವೇನೋ?" ಅಂದರು. ನನಗೆ ಒಂದು ಸಲವೂ ಕೇಳಿಸಿರಲಿಲ್ಲ. ಆ ಮನುಷ್ಯನನ್ನು ಕೊಂದದ್ದು ನನ್ನ ಕಿವಿ.

ಆಮೇಲೆ ಮೂರು ಜನ ಡಾಕ್ಟರಿಗೆ ತೋರಿಸಿದೆ. ಮೂವರೂ ಯಂತ್ರ ಹಾಕಿ ನೋಡಿ, ಕಿವಿ ಚೆನ್ನಾಗಿದೆ ಹೋಗಯ್ಯ ಅಂದರು. ಯಜಮಾನರು ಕೂಗಿದ್ದೇ ಕೇಳಿಸದ ಕಿವಿ ಚೆನ್ನಾಗಿರುವುದು ಹೇಗೆ? ಅವರಿಗೇನು ಗೊತ್ತು ಅಂದುಕೊಂಡು ಎದ್ದು ಬಂದೆ. ಪುಸ್ತಕಕ್ಕೆ ರಟ್ಟು ಹಾಕುವ ಕೆಲಸ ಹಿಡಿದೆ. ಅಲ್ಲಿ ಯಾರೂ ಕೂಗುವುದಿಲ್ಲ, ಕೇಳಿಸದಿದ್ದರೂ ಯಾರೂ ಸಾಯುವುದಿಲ್ಲ.

ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು. ನನ್ನನ್ನು ಜೈಲಿನಿಂದ ಉಳಿಸಿದವರು ಅವರು.

ನಿನ್ನ
ಸೀಟಿ ಮಾವ


ಸೆಪ್ಟೆಂಬರ್ 5

ಅಪ್ಪನಿಗೆ,

ಅವರ ಕಾಗದವನ್ನು ಜೊತೆಗಿಟ್ಟಿದ್ದೇನೆ. ನಿಮಗೆ ನಮಸ್ಕಾರ ತಿಳಿಸಿದ್ದಾರೆ, ನೋಡಿಕೊಳ್ಳಿ.

ಅದನ್ನು ಓದಿ ನನಗೆ ಒಂದೇ ಒಂದು ಪ್ರಶ್ನೆ ಉಳಿದಿದೆ. ಕೆಂಪು ಕಂಡವನು, ಎರಡು ಸಲ ಕೂಗಿದವನು, ಏಣಿಯ ಮೇಲಿನವನಿಗೆ ಕೈ ಬೀಸುತ್ತಾನೆಯೇ?

ಮಗಳು


ಸೆಪ್ಟೆಂಬರ್ 24

ಚೂಟಿ,

ಹದಿನೈದು ದಿನದಿಂದ ಈ ಹಾಳೆ ಮೇಜಿನ ಮೇಲಿದೆ. ಏನು ಬರೆದರೂ ಸುಳ್ಳೇ ಆಗುತ್ತದೆ ಅನ್ನಿಸಿ ಹರಿದು ಹಾಕಿದೆ. ಇದನ್ನು ಹರಿಯುವುದಿಲ್ಲ.

ನಾನು ಕೂಗಲಿಲ್ಲ.

ಸಿಗ್ನಲ್ ಕಂಬದ ಕೈ ನಿಲ್ಲು ಅನ್ನುತ್ತಿದೆಯೋ ಹೋಗು ಅನ್ನುತ್ತಿದೆಯೋ ನಾನು ನೋಡಲೇ ಇಲ್ಲ. ಬಣ್ಣದವನನ್ನು ನೋಡಿದೆ. ಮುಖಕ್ಕೆಲ್ಲ ಬಣ್ಣ ಹಾರಿಸಿಕೊಂಡು ಏಣಿಯ ಮೇಲೆ ಕುಣಿಯುತ್ತಿದ್ದ. ನನಗೆ ನಗು ಬಂತು. ಎಂಥ ಖುಷಿಯ ಮನುಷ್ಯ ಅಂದುಕೊಂಡು ಕೈ ಬೀಸಿದೆ. ಅವನು ನಮ್ಮನ್ನು ಮಾತಾಡಿಸುತ್ತಿರಲಿಲ್ಲ, ಚೂಟಿ. ನಿಲ್ಲಿಸಿ, ನಿಲ್ಲಿಸಿ ಅನ್ನುತ್ತಿದ್ದ. ಕಂಬ ದಾಟುವಾಗ ಅವನ ಬಾಯಿ ಕಂಡಿತು, ಆಗ ಗೊತ್ತಾಯಿತು. ಅಷ್ಟರಲ್ಲಿ ಎದುರಿಗೆ ಗೂಡ್ಸಿನ ಡಬ್ಬಿ. ವಿಚಾರಣೆಗೆ ಅವನನ್ನು ಯಾರೂ ಕರೆಸಲಿಲ್ಲ. ದಿನಗೂಲಿಯವನು, ಯಾರು ಕೇಳುತ್ತಾರೆ?

ಉಗಿಯೊಳಗೆ ನಿನ್ನ ಸೀಟಿ ಮಾವನ ಭುಜ ಹಿಡಿದಾಗ, ಎರಡು ಸಲ ಕೂಗಿದೆ ಅನ್ನುವ ಆ ಮಾತು ನನ್ನ ಬಾಯಿಂದ ತಾನಾಗಿಯೇ ಬಂತು. ಇಲ್ಲ, ನೀವು ಕೂಗಲೇ ಇಲ್ಲ ಅಂತ ಅವನು ತಿರುಗಿ ಬೀಳುತ್ತಾನೆ ಅಂತ ಕಾದೆ. ಹಾಗೆ ಅಂದಿದ್ದರೆ ಒಪ್ಪಿಕೊಂಡುಬಿಡುತ್ತಿದ್ದೆ, ಆಣೆಯಿಟ್ಟು ಹೇಳುತ್ತೇನೆ. ಅವನು ಎರಡೂ ಕಿವಿ ಹಿಡಿದುಕೊಂಡು ಅಳತೊಡಗಿದ. ಆಮೇಲೆ ನನಗೆ ಬಾಯಿ ಬರಲಿಲ್ಲ. ಮೂರು ಡಾಕ್ಟರ ಹತ್ತಿರ ಹೋಗಿದ್ದ ಅಂತ ನನಗೆ ನೀನು ಕಳಿಸಿದ ಕಾಗದದಿಂದಲೇ ಗೊತ್ತಾಗಿದ್ದು. ಅವನು ಕೆಲಸ ಕಳೆದುಕೊಂಡ ಅಂತ ಮಾತ್ರ ಇಷ್ಟು ವರ್ಷ ತಿಳಿದುಕೊಂಡಿದ್ದೆ.

ನಿನ್ನ ಅಮ್ಮನಿಗೂ ಗೊತ್ತಿರಲಿಲ್ಲ. ಈಗ ನಿನಗೆ ಗೊತ್ತು.

ಅಪ್ಪ


ಸೆಪ್ಟೆಂಬರ್ 28

ಅಪ್ಪನಿಗೆ,

ನನಗೆ ಬರೆದರೆ ಏನು ಬಂತು? ಇದು ನನಗೆ ಬರಬೇಕಾದ ಕಾಗದವೇ ಅಲ್ಲ.

ಅವರ ಮನೆಗೆ ಹೋಗಿ. ಎದುರಿಗೆ ಕೂತು ಬಾಯಿಬಿಟ್ಟು ಹೇಳಿ. ಕಾಗದದಲ್ಲಿ ಬೇಡ, ಫೋನಿನಲ್ಲೂ ಬೇಡ. ನಿಮ್ಮ ಪರವಾಗಿ ನಾನು ಹೇಳುವುದಿಲ್ಲ. ಹೇಳುವವರೆಗೆ ನನಗೂ ಬರೆಯಬೇಡಿ. ಕೆಳಗೆ ಅವರ ವಿಳಾಸವಿದೆ. ನಾಲ್ಕು ಗಂಟೆಯ ದಾರಿ. ಮೂವತ್ತೆರಡು ವರ್ಷವೂ ಅವರು ಇದ್ದದ್ದು ಅಲ್ಲೇ.

ಫೈರ್‌ಮನ್ ಗೊಂಬೆಗೆ ಫೋಟೋ ನೋಡಿ ಮುಖ ಬರೆದೆ. ಬಲಗಡೆ ಕೂರಿಸಿದ್ದೇನೆ. ನಿಮ್ಮದನ್ನು ಎಡಗಡೆಗೆ ಅಂಟಿಸಬೇಕು, ಇನ್ನೂ ಕೈ ಬಂದಿಲ್ಲ.

ಮಗಳು


ನವೆಂಬರ್ 3

ಮಗಳೇ,

ನಿನ್ನ ಅಪ್ಪ ಹಿಂದಿನ ವಾರ ಬಂದಿದ್ದರು. ಬಾಗಿಲು ತೆಗೆದವನು ಯಾರೋ ದಾರಿ ತಪ್ಪಿದ ಮುದುಕರು ಅಂದುಕೊಂಡೆ. ಗುರುತು ಹತ್ತಿದ ಮೇಲೆ ಕುರ್ಚಿ ಕೊಟ್ಟೆ, ಕೂರಲಿಲ್ಲ. ಚೀಲ ಕೈಯಲ್ಲಿ ಹಿಡಿದುಕೊಂಡೇ ನಿಂತು, "ನಾನು ಕೂಗ್ಲಿಲ್ಲ ಕಣೋ. ಒಂದು ಸಲಾನೂ ಕೂಗ್ಲಿಲ್ಲ" ಅಂದರು. ಯಾವುದರ ಮಾತು ಅಂತ ನಾನು ಕೇಳಬೇಕಾಗಿರಲಿಲ್ಲ.

ಸಿಡಿಲು ಬಡಿದ ಹಾಗಾಯಿತು ಅನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ಗೋಡೆಯ ಗಡಿಯಾರ ಟಿಕ್ ಟಿಕ್ ಅನ್ನುವುದು ಕೇಳಿಸಿತು. ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ಇಟ್ಟದ್ದು ಕೇಳಿಸಿತು. ಅವರು ಇನ್ನೂ ಏನೇನೋ ಹೇಳುತ್ತಿದ್ದರು, ಬಣ್ಣದವನು, ಏಣಿ ಅಂತ. ನಾನು ಕೈಯೆತ್ತಿ ನಿಲ್ಲಿಸಿದೆ. ನೀರು ಕೊಟ್ಟೆ. ಕುಡಿದರು. "ನೀವಿನ್ನು ಹೊರಡಿ" ಅಂದೆ. ಕೇಳಿಸಲಿಲ್ಲವೋ ಏನೋ, ಬಾಗಿಲು ತೋರಿಸಬೇಕಾಯಿತು.

ಮೂರು ದಿನ ಹಾಗೇ ಮಂಕು ಹಿಡಿದವನ ಹಾಗೆ ಕೂತಿದ್ದೆ. ಆಮೇಲೆ ಸಿಟ್ಟು ಬಂತು. ಎಂಥ ಸಿಟ್ಟು ಅಂದರೆ ರಟ್ಟು ಕತ್ತರಿಸುವ ಚೂರಿಯನ್ನು ಕೈಗೆತ್ತಿಕೊಳ್ಳಲು ನನಗೇ ಭಯವಾಯಿತು. ಕ್ಷಮಿಸಿದೆ ಅಂತ ಹೇಳು ಅಂತ ನೀನು ಕೇಳಿಲ್ಲ, ಅದೇ ಪುಣ್ಯ. ಆ ಮಾತು ನನಗೆ ಬಂದಿಲ್ಲ, ಬರುತ್ತದೋ ಇಲ್ಲವೋ ಗೊತ್ತಿಲ್ಲ. ಸದ್ಯಕ್ಕೆ ಅವರು ಇತ್ತ ಬರುವುದು ಬೇಡ ಅಂತ ತಿಳಿಸು. ಬಂದು ಹೇಳಿದರು ಅನ್ನುವುದನ್ನೂ ತಿಳಿಸು. ಅದು ಸುಲಭವಲ್ಲ ಅಂತ ನನಗೂ ಗೊತ್ತು.

ಯಾರಿಗೂ ಹೇಳದ ಒಂದು ವಿಷಯ ನಿನಗೆ ಹೇಳುತ್ತೇನೆ. ಅಪಘಾತದ ಮಾರನೆಯ ವರ್ಷ ನನಗೆ ಮಗ ಹುಟ್ಟಿದ. ಅವನು ದೊಡ್ಡವನಾಗುವವರೆಗೆ ಅವನೊಬ್ಬನ ಜೊತೆ ನಾನು ಒಂದು ಗಳಿಗೆಯೂ ಇರಲಿಲ್ಲ. ಮಗು ಅತ್ತು, ನನಗೆ ಕೇಳಿಸದೆ ಹೋದರೆ? ಹೆಂಡತಿ ಅಂಗಡಿಗೆ ಹೊರಟರೆ ಪಕ್ಕದ ಮನೆಯಾಕೆಯನ್ನು ಕರೆದು ಕೂರಿಸಿ, ನಾನು ಬೀದಿಗೆ ಹೋಗಿ ನಿಲ್ಲುತ್ತಿದ್ದೆ. ಕಾರಣ ಹೇಳಲಿಲ್ಲ. ಹೆತ್ತ ಮಗುವಿನ ಮೇಲೂ ಪ್ರೀತಿಯಿಲ್ಲದ ಕಲ್ಲು ಅಂತಲೇ ನನ್ನನ್ನು ಹೆಂಡತಿ ತಿಳಿದುಕೊಂಡಿದ್ದಳು. ಹಾಗೆ ತಿಳಿದುಕೊಂಡೇ ತೀರಿಹೋದಳು. ಆ ಲೆಕ್ಕವನ್ನು ನಿನ್ನ ಅಪ್ಪನ ಹತ್ತಿರ ಹೇಗೆ ಕೇಳಲಿ, ಮಗಳೇ?

ಈಗ ಮಗನ ಮನೆಯಲ್ಲಿ ಎಂಟು ತಿಂಗಳ ಕೂಸಿದೆ, ಹೆಣ್ಣು. ನಿನ್ನೆ ಅಲ್ಲಿಗೆ ಹೋಗಿದ್ದೆ, ಮಧ್ಯಾಹ್ನ ಸೊಸೆ ಎಲ್ಲಿಗೋ ಹೊರಟು ಪಕ್ಕದವರನ್ನು ಕರೆಯಲು ಹೋಗುತ್ತಿದ್ದಳು. "ಯಾರೂ ಬೇಡ, ನಾನು ನೋಡ್ಕೋತೀನಿ, ನೀನು ಹೋಗಿ ಬಾ" ಅಂದೆ. ಅವಳು ಬೆಪ್ಪಾಗಿ ನನ್ನ ಮುಖವನ್ನೇ ನೋಡಿದಳು. "ಮಾವಾ, ನೀವಾ?" ಅಂದಳು. ಹೌದು ನಾನೇ ಅಂದೆ.

ಮಗು ಒಳಕೋಣೆಯಲ್ಲಿ ಮಲಗಿತ್ತು. ನಾನು ಬೇಕಂತಲೇ ಬಾಗಿಲು ಮುಚ್ಚಿ ಹಿತ್ತಿಲಲ್ಲಿ ಹೋಗಿ ಕೂತೆ. ಒಂದು ಗಂಟೆಯಲ್ಲಿ ಎರಡು ಸಲ ಅತ್ತಿತು. ಎರಡು ಸಲವೂ ನನಗೆ ಕೇಳಿಸಿತು. ಎರಡು ಸಲವೂ ಎದ್ದು ಓಡಿದೆ. ಎತ್ತಿಕೊಂಡ ಕೂಡಲೇ ಅವಳು ಅಳು ನಿಲ್ಲಿಸಿದಳು. ನನಗೆ ನಿಲ್ಲಿಸಲಾಗಲಿಲ್ಲ. ಸೊಸೆ ಬಂದಾಗಲೂ ಹಾಗೇ ಅಳುತ್ತಿದ್ದೆ.

ನಿನ್ನ
ಸೀಟಿ ಮಾವ